ಕೇಪಿನ ಪಿಸ್ತೂಲಿನ ವಿ ಸ್ಪ್ರಿಂಗುಗಳನ್ನು ಮರಳಿ ಕೂರಿಸುವ ಬಗೆ

ಅಜ್ಜನ ಪೆಟ್ಟಿಗೆಯಲ್ಲಿದ್ದ ಸಣ್ಣ ಕೇಪಿನ (ಬಡಿದಾಗ ಕಿಡಿ ಕೊಡುವ ಪುಟ್ಟ ಟೋಪಿಯ) ಪಿಸ್ತೂಲಿನ ಲಾಕನ್ನು, ಅಂದರೆ ಹಾರಿಸುವ ಯಂತ್ರಭಾಗವನ್ನು, ತುಕ್ಕು ತೆಗೆಯಲು ಬಿಚ್ಚಿದ್ದೀರಿ, ಈಗ ವಿ ಆಕಾರದ ಎರಡು ಸ್ಪ್ರಿಂಗುಗಳು ಸ್ಥಾನಕ್ಕೆ ಬರುತ್ತಿಲ್ಲ ಎಂದು ಕೇಳಿದ್ದೀರಿ. ನನ್ನಲ್ಲಿರುವುದು ಪಿಸ್ತೂಲಲ್ಲ, ಬದಿಯಡ್ಕದ ಬಳಿಯ ನಮ್ಮ ಅಡಿಕೆ ತೋಟಕ್ಕೆಂದು ಲೈಸನ್ಸ್ ಪಡೆದು ಇಟ್ಟುಕೊಂಡಿರುವ, ಹೊರಗೆ ಕುದುರೆಗಳಿರುವ (ಎತ್ತಿ ಬಿಟ್ಟಾಗ ಬಡಿಯುವ ಸುತ್ತಿಗೆಗಳಿರುವ) ಹಳೆಯ ಜೋಡುನಳಿಗೆಯ ಕೋವಿ. ಆದರೆ ಪಕ್ಕದ ಲಾಕಿನ ರಚನೆ ಎರಡಕ್ಕೂ ಒಂದೇ. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿಟ್ಟ ಕೋವಿಯನ್ನು ಮರಳಿ ತಂದು, ನಮ್ಮ ಕರಾವಳಿಯ ತೇವಕ್ಕೆ ಹಿಡಿದ ತುಕ್ಕನ್ನು ತೆಗೆಯಲು ಲಾಕನ್ನು ಬಿಚ್ಚಿ ಜೋಡಿಸುವುದು ನನಗೆ ರೂಢಿಯಾಗಿದೆ.

ಮೊದಲು ನಳಿಗೆಯನ್ನು ನೋಡಿ. ಬಾಯಿಯಿಂದ ತುಂಬುವ ಹಳೆಯ ಆಯುಧಗಳಲ್ಲಿ ಮಸಿ (ಕೋವಿಮದ್ದು), ಗುಂಡು ಹಾಗೆಯೇ ಉಳಿದಿರುವುದುಂಟು. ಒಂದು ಕಡ್ಡಿಯನ್ನು ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಹೊರಗಿನಿಂದ ಅಳೆಯಿರಿ. ಆ ಅಳತೆ ಕೇಪು ಕೂರುವ ಮೊಳೆಯ ಹತ್ತಿರಕ್ಕೆ ಬಾರದಿದ್ದರೆ ಒಳಗೆ ಏನೋ ಉಳಿದಿದೆ ಎಂದರ್ಥ, ಕೆಲಸ ನಿಲ್ಲಿಸಿ ಲೈಸನ್ಸ್ ಇರುವ ಕೋವಿ ರಿಪೇರಿಯವರಲ್ಲಿಗೆ ಒಯ್ಯಿರಿ. 1959ರ ಆಯುಧ ಕಾಯ್ದೆಯಲ್ಲಿ ಪ್ರಾಚೀನ ವಸ್ತುಗಳಿಗಿರುವ ವಿನಾಯಿತಿ, ರಿಪೇರಿ ಮಾಡಿದರೂ ಹಾರಿಸಲಾಗದ ಆಯುಧಗಳಿಗೆ ಮಾತ್ರ ಎಂಬುದೂ ನೆನಪಿರಲಿ.

ಜೋಡಣೆಯಲ್ಲಿ ದೊಡ್ಡ ಸ್ಪ್ರಿಂಗು ಕೊನೆಗೆ ಬರಬೇಕು. ನೀವು ಅದನ್ನು ಮೊದಲೇ ಕೂರಿಸಲು ಹೊರಟಿರುವುದೇ ತೊಡಕಿಗೆ ಕಾರಣವೆಂದು ನಿಮ್ಮ ವಿವರಣೆಯಿಂದ ತೋರುತ್ತದೆ. ಲಾಕಿನ ತಗಡಿಗೆ ಟಂಬ್ಲರ್ (ಕುದುರೆಯೊಡನೆ ತಿರುಗುವ ಕಚ್ಚುಗಳಿರುವ ತುಂಡು), ಅದರ ಮೇಲೆ ಬ್ರೈಡಲ್ (ಅದನ್ನು ಹಿಡಿದಿಡುವ ಪಟ್ಟಿ), ಬಳಿಕ ಸಿಯರ್ (ಟಂಬ್ಲರಿನ ಕಚ್ಚಿಗೆ ಸಿಕ್ಕಿ ಕುದುರೆಯನ್ನು ತಡೆಯುವ ತುಂಡು) ಎಂಬ ಕ್ರಮದಲ್ಲಿ ಜೋಡಿಸಿ, ಪ್ರತಿ ತಿರುಪನ್ನೂ ಅದು ಬಂದ ತೂತಿಗೇ ಹಾಕಿ. ಕೈಯಿಂದ ಮಾಡಿದ ಆ ತಿರುಪುಗಳು ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ನಾನು ಬಿಚ್ಚುವಾಗಲೇ ಅವನ್ನು ಅಡಿಕೆ ಹಾಳೆಯ ಮೇಲೆ ಸಾಲಾಗಿ ಇಡುತ್ತೇನೆ. ಸಣ್ಣ ಸ್ಪ್ರಿಂಗಿನ ತಿರುಪನ್ನು ಎರಡು ಸುತ್ತು ಮಾತ್ರ ತಿರುಗಿಸಿ, ಅದರ ಕೆಳಗಿನ ಎಸಳು ಸಿಯರಿನ ಮೇಲೆ ಕುಳಿತಿರುವಂತೆ ನೋಡಿಕೊಂಡು, ಬದಿಯ ಗುಬುಟನ್ನು ತಗಡಿನ ಸೀಳಿಗೆ ಒತ್ತಿ, ಆಮೇಲೆ ಬಿಗಿ ಮಾಡಿ.

ಇನ್ನು ದೊಡ್ಡದು. ಹಿಂದೊಮ್ಮೆ ನಾನು ಇಕ್ಕುಳದಿಂದ ಒತ್ತಿ, ಎಸಳುಗಳು ಓರೆಯಾಗಿ, ಸ್ಪ್ರಿಂಗು ಮಡಿಕೆಯ ಬಳಿ ಮುರಿದುಹೋಯಿತು. ಅಂಥದ್ದನ್ನು ಹದವರಿತು ಮಾಡಿಕೊಡುವವರನ್ನು ಹುಡುಕಲು ತಿಂಗಳುಗಳು ಹಿಡಿದವು. ಆದ್ದರಿಂದ ಕೈವೈಸಿನ (ತಿರುಪಿನಿಂದ ಬಿಗಿಯುವ ಸಣ್ಣ ಹಿಡಿಕೆಯ) ದವಡೆಗೆ ಹಿತ್ತಾಳೆ ತಗಡು ಹೊದಿಸಿ, ಎರಡೂ ಎಸಳುಗಳನ್ನು ನೇರವಾಗಿ ಹಿಡಿದು, ಕುದುರೆ ಪೂರ್ತಿ ಎತ್ತಿದಾಗ ಸ್ಪ್ರಿಂಗು ಎಷ್ಟು ಮುಚ್ಚುವುದೋ ಅಷ್ಟಕ್ಕೇ ನಿಲ್ಲಿಸಿ. ಕುದುರೆಯನ್ನು ಕೆಳಗಿಳಿಸಿ ಇಟ್ಟು, ಸ್ಪ್ರಿಂಗಿನ ಮೂತಿಯನ್ನು ಟಂಬ್ಲರಿನ ಕೊಂಡಿಗೆ ಸಿಕ್ಕಿಸಿ (ಕೊಂಡಿಯಿಲ್ಲದ ಸರಳ ಪಿಸ್ತೂಲುಗಳಲ್ಲಿ ಅದು ನೇರವಾಗಿ ಟಂಬ್ಲರಿನ ಮೇಲೆಯೇ ಕೂರುತ್ತದೆ), ಗುಬುಟು ತಗಡಿನ ತೂತಿಗೆ ಇಳಿದು ಮೇಲಿನ ತುದಿ ಅಂಚಿನಡಿ ಸೇರಿತೆಂದು ಖಚಿತವಾದ ಮೇಲೆ ವೈಸನ್ನು ಎಳೆ ಎಳೆಯಾಗಿ ಸಡಿಲಿಸಿ. ಕನ್ನಡಕ ಧರಿಸಿರಿ, ಜಾರಿದ ಸ್ಪ್ರಿಂಗು ಮುಖಕ್ಕೇ ಹಾರುತ್ತದೆ.

ಜೋಡಿಸಿದ ಬಳಿಕ ಹೆಬ್ಬೆರಳಿನಿಂದ ಹಿಡಿದೇ ಕುದುರೆಯನ್ನು ಎತ್ತಿ ಇಳಿಸಿ ನೋಡಿ, ಬರಿ ಮೊಳೆಗೆ ಬಡಿಯಲು ಬಿಡಬೇಡಿ. ಅರ್ಧ ಎತ್ತಿದ ನಿಲುವಿನಲ್ಲಿ ಸಿಯರ್ ಜಾರಿದರೆ ಅದರ ತಿರುಪು ಅತಿಯಾಗಿ ಬಿಗಿದಿರಬಹುದು, ಇಲ್ಲವೇ ಕಚ್ಚು ಸವೆದಿರಬಹುದು. ಎಣ್ಣೆಗೆ ಹೊಲಿಗೆಯಂತ್ರದ ಎಣ್ಣೆಯ ಒಂದು ಹನಿ ಸಾಕು. ನಮ್ಮ ಮನೆಗಳಲ್ಲಿ ಎಲ್ಲಕ್ಕೂ ಕೈಗೆ ಸಿಗುವ ತೆಂಗಿನೆಣ್ಣೆ ಮಾತ್ರ ಬೇಡ, ಅದು ಧನುರ್ಮಾಸದ ಚಳಿಗೆ ಹೆಪ್ಪುಗಟ್ಟಿ, ಧೂಳು ಹಿಡಿದು, ಸಿಯರನ್ನು ಅಂಟಿಸಿಬಿಡುತ್ತದೆ.