ಸಂಜೆಯಾದರೆ ಪ್ರಿಂಟರ್ ಕಾಣೆ: ಒಂದೇ ಐಪಿ ನಂಬರಿಗೆ ಇಬ್ಬರು

ಪ್ರಶ್ನೆ: ಸರ್, ದಾವಣಗೆರೆಯ ವಿದ್ಯಾನಗರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಕಂಪ್ಯೂಟರ್, ವೈಫೈ ಪ್ರಿಂಟರ್, ಸಿಸಿ ಕ್ಯಾಮೆರಾದ ಡಿವಿಆರ್ ಎಲ್ಲಾ ಒಂದೇ ರೂಟರ್‌ನಲ್ಲಿವೆ. ಕಾಲೇಜು ಹುಡುಗರು ಫೋನಿನಿಂದಲೇ ಪ್ರಿಂಟ್ ಕೊಡಲಿ ಅಂತ ವೈಫೈ ಪಾಸ್‌ವರ್ಡನ್ನು ಗೋಡೆ ಮೇಲೆ ಬರೆದಿದ್ದೇನೆ. ಬೆಳಗ್ಗೆ ಏನೂ ತೊಂದರೆ ಇಲ್ಲ. ಸಂಜೆ ಜನ ಜಾಸ್ತಿ ಆದಾಗ, ಇಲ್ಲಾ ಕರೆಂಟ್ ಹೋಗಿ ಬಂದಾಗ, ಪ್ರಿಂಟರ್ ಆಫ್‌ಲೈನ್ ಆಗುತ್ತದೆ. ಅದನ್ನು ಹಾಕಿಕೊಟ್ಟ ಹುಡುಗ 192.168.1.5 ಅಂತ ನಂಬರನ್ನು ಪ್ರಿಂಟರ್‌ನಲ್ಲೇ ಕೂರಿಸಿದ್ದ. ಹೊಸ ಪ್ರಿಂಟರ್ ತಗೋಬೇಕಾ? ಮಹಡಿ ಮನೆಗೆ ಹಳೇ ರೂಟರ್ ಒಂದನ್ನು ಜೋಡಿಸಬೇಕು ಅಂತಲೂ ಇದ್ದೇನೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹೊಸ ಪ್ರಿಂಟರ್‌ಗೆ ದುಡ್ಡು ಹಾಕಬೇಡಿ, ದಯವಿಟ್ಟು. ನೀವು ಬರೆದದ್ದನ್ನು ನೋಡಿದರೆ ಪ್ರಿಂಟರ್ ಕೆಟ್ಟಿಲ್ಲ, ಅದರ ಐಪಿ ನಂಬರನ್ನು, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸವನ್ನು, ಇನ್ನೊಬ್ಬರು ತಗೊಂಡಿದ್ದಾರೆ ಅನ್ನಿಸುತ್ತದೆ.

ಬಸ್ಸಿನ ಕಿಟಕಿಯಿಂದ ಸೀಟಿಗೆ ಟವಲ್ ಹಾಕುತ್ತೇವಲ್ಲ, ನಿಮ್ಮ ಪ್ರಿಂಟರ್ ಮಾಡಿರುವುದು ಅದನ್ನೇ. 5ನೇ ಸೀಟು (192.168.1.5ರ ಕೊನೆಯ 5) ನಂದು ಅಂತ ಟವಲ್ ಹಾಕಿದೆ, ಕಂಡಕ್ಟರ್‌ಗೆ ಹೇಳಿಲ್ಲ. ಇಲ್ಲಿ ಕಂಡಕ್ಟರ್ ಅಂದರೆ ರೂಟರ್. ಫೋನು ವೈಫೈಗೆ ಬಂದ ಕೂಡಲೇ ಅದಕ್ಕೊಂದು ನಂಬರ್ ಕೊಡುವ ಕೆಲಸ ಅದರದ್ದು, ಇದಕ್ಕೆ ಡಿಎಚ್‌ಸಿಪಿ ಅನ್ನುತ್ತಾರೆ. ಎಷ್ಟೋ ರೂಟರ್‌ಗಳು 2ರಿಂದ 254ರವರೆಗಿನ ಎಲ್ಲಾ ನಂಬರನ್ನೂ ಹಂಚುತ್ತವೆ, ಅದರಲ್ಲಿ ನಿಮ್ಮ 5 ಕೂಡ ಇದೆ. ಕೆಲವು ರೂಟರ್‌ಗಳು ಕೊಡುವ ಮುಂಚೆ ಆ ನಂಬರಿನಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿ ನೋಡುತ್ತವೆ, ಆದರೆ ಆ ಹೊತ್ತಿಗೆ ಪ್ರಿಂಟರ್ ಆಫ್ ಆಗಿದ್ದರೆ ಉತ್ತರ ಕೊಡುವವರು ಯಾರು? ಕರೆಂಟ್ ಹೋಗಿ ಬಂದರೆ ಇನ್ನೂ ಕಷ್ಟ. ಯಾರಿಗೆ ಯಾವ ನಂಬರ್ ಕೊಟ್ಟಿದ್ದೆ ಅನ್ನುವುದನ್ನೇ ಕೆಲವು ರೂಟರ್‌ಗಳು ಮರೆತು ಮೊದಲಿನಿಂದ ಹಂಚಲು ಶುರು ಮಾಡುತ್ತವೆ.

ನನ್ನ ಮಾತನ್ನು ಸುಮ್ನೆ ನಂಬಬೇಡಿ, ಪರೀಕ್ಷೆ ಮಾಡಿ ನೋಡಿ. ಪ್ರಿಂಟರ್ ಕಾಣೆಯಾದ ಹೊತ್ತಿನಲ್ಲೇ ಅದರ ಸ್ವಿಚ್ ಆಫ್ ಮಾಡಿ. ಕಂಪ್ಯೂಟರಿನಲ್ಲಿ ಕಮ್ಯಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ಪಿಂಗ್ ಅಂತ ಬರೆದು, ಒಂದು ಜಾಗ ಬಿಟ್ಟು 192.168.1.5 ಅಂತ ಹಾಕಿ ಎಂಟರ್ ಒತ್ತಿ. ಪ್ರಿಂಟರ್ ಆಫ್ ಇದ್ದರೂ 5ರಿಂದ ರಿಪ್ಲೈ ಬಂದು, ಪಕ್ಕದಲ್ಲಿ ಟೈಮ್ ಇಷ್ಟು ಮಿಲಿಸೆಕೆಂಡ್ ಅಂತ ತೋರಿಸಿದರೆ ಅಲ್ಲಿ ಬೇರೆ ಯಾರೋ ಕೂತಿದ್ದಾರೆ ಅಂತ ಖಾತ್ರಿ. ಒಂದು ಕಡೆ ಜನ ಮೋಸ ಹೋಗುತ್ತಾರೆ: ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್ ಅಂತ ಬರುವ ಸಾಲಿನ ಶುರುವಿನಲ್ಲೂ ರಿಪ್ಲೈ ಅಂತಲೇ ಇರುತ್ತದೆ. ಅದು ನಿಮ್ಮ ಕಂಪ್ಯೂಟರೇ ಯಾರೂ ಸಿಗಲಿಲ್ಲ ಅಂತ ಹೇಳುತ್ತಿರುವುದು, ಅಲ್ಲಿರುವ ನಂಬರ್ ನೋಡಿದರೆ ಗೊತ್ತಾಗುತ್ತದೆ. ಇನ್ನು, ಪಿಂಗ್‌ಗೆ ಉತ್ತರ ಕೊಡದ ಫೋನುಗಳೂ ಇರುತ್ತವೆ, ಹಾಗಾಗಿ ರೂಟರ್‌ನ ಪೇಜಿನಲ್ಲಿ ಜೋಡಣೆಯಾದ ಸಾಧನಗಳ ಪಟ್ಟಿಯನ್ನೂ ನೋಡಿ. 5ರ ಎದುರು ಯಾವುದೋ ಮೊಬೈಲ್ ಹೆಸರು ಇದ್ದರೆ ಕಳ್ಳ ಸಿಕ್ಕಿದ ಹಾಗೆ.

ಈಗ ಸರಿಮಾಡುವುದು. ರೂಟರ್ ಕೆಳಗಿನ ಸ್ಟಿಕರ್‌ನಲ್ಲಿ ಅದರ ಪೇಜಿನ ವಿಳಾಸ, ಪಾಸ್‌ವರ್ಡ್ ಇರುತ್ತದೆ. ಒಳಗೆ ಹೋಗಿ ಡಿಎಚ್‌ಸಿಪಿ ಭಾಗದಲ್ಲಿ ಹಂಚುವ ನಂಬರನ್ನು 100ರಿಂದ 200ರವರೆಗೆ ಅಂತ ಮಾಡಿ. ಅಲ್ಲಿಗೆ 2ರಿಂದ 99 ನಿಮ್ಮ ಕೈಗೆ ಬಂತು, ಪ್ರಿಂಟರ್‌ನ 5ಕ್ಕೆ ಯಾವ ಫೋನೂ ಬರುವುದಿಲ್ಲ. ಆಮೇಲೆ ರೂಟರನ್ನೂ ಪ್ರಿಂಟರನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಡಿವಿಆರ್‌ಗೂ ಹೀಗೇ ಕೈಯಲ್ಲಿ ನಂಬರ್ ಕೊಟ್ಟಿದ್ದಾರಾ ಅಂತ ನೋಡಿ, ಅದು ಪ್ರಿಂಟರ್ ನಂಬರೇ ಆಗಿರಬಾರದು, 100ರ ಒಳಗೇ ಇರಬೇಕು.

ನನಗೆ ಇದಕ್ಕಿಂತ ಇಷ್ಟವಾದ ದಾರಿ ಅಡ್ರೆಸ್ ರಿಸರ್ವೇಷನ್. ಪ್ರಿಂಟರ್‌ನಲ್ಲಿ ನಂಬರ್ ತೆಗೆದು ಆಟೋಮ್ಯಾಟಿಕ್ ಮಾಡಿ, ರೂಟರ್‌ನಲ್ಲಿ ಪ್ರಿಂಟರ್‌ನ ಮ್ಯಾಕ್ ಅಡ್ರೆಸ್ (ಪ್ರತಿ ಸಾಧನಕ್ಕೂ ಇರುವ ಗುರುತಿನ ನಂಬರ್) ಹಾಕಿ ಇದಕ್ಕೆ ಯಾವಾಗಲೂ ಇದೇ ನಂಬರ್ ಕೊಡು ಅಂತ ಬರೆಯುವುದು. ಟವಲ್ ಬೇಡ, ಸೀಟು ಕಂಡಕ್ಟರ್‌ನ ಪಟ್ಟಿಯಲ್ಲೇ ಇರುತ್ತದೆ. ಕೆಲವು ರೂಟರ್‌ಗಳು ಹಂಚುವ ನಂಬರ್‌ಗಳ ಒಳಗಿನದ್ದನ್ನೇ ಕೇಳುತ್ತವೆ, ಆಗ 105 ಅಂತ ಕೊಟ್ಟು ಕಂಪ್ಯೂಟರಿನಲ್ಲಿ ಪ್ರಿಂಟರ್ ಪೋರ್ಟನ್ನೂ, ಅಂದರೆ ಅದು ಪ್ರಿಂಟರನ್ನು ಹುಡುಕುವ ನಂಬರನ್ನೂ, ಬದಲಿಸಿ. ಈ ನಂಬರ್‌ಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಶ್ ಡ್ರಾದಲ್ಲಿ ಅಂಟಿಸಿ, ನಾಳೆ ರೂಟರ್ ಬದಲಾದರೆ ಅದೇ ನಿಮ್ಮನ್ನು ಕಾಯುತ್ತದೆ.

ಗೋಡೆ ಮೇಲಿನ ಪಾಸ್‌ವರ್ಡ್ ವಿಷಯ. 100ರಿಂದ 200 ಅಂದರೆ 101 ನಂಬರ್. ಎಷ್ಟೋ ರೂಟರ್‌ಗಳಲ್ಲಿ ಒಮ್ಮೆ ಕೊಟ್ಟ ನಂಬರ್ 24 ಗಂಟೆ ಆ ಫೋನಿನ ಹೆಸರಲ್ಲೇ ಇರುತ್ತದೆ, ಹುಡುಗ ಎರಡು ಪುಟ ಪ್ರಿಂಟ್ ತಗೊಂಡು ಹೋಗಿ ಆಗಿದ್ದರೂ! ಪರೀಕ್ಷೆ ದಿನಗಳಲ್ಲಿ ನಂಬರ್ ಮುಗಿದು ಹೋಗಬಹುದು. ಈ ಅವಧಿಯನ್ನು, ಅಂದರೆ ಲೀಸ್ ಟೈಮನ್ನು, 2 ಗಂಟೆಗೆ ಇಳಿಸಿ. ಡಿವಿಆರ್ ಇರುವ ನೆಟ್‌ವರ್ಕಿಗೆ ಗುರುತಿಲ್ಲದವರನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ. ಬಂದವರಿಗಂತಲೇ ಬೇರೆಯಾಗಿರುವ ಗೆಸ್ಟ್ ವೈಫೈ ಆನ್ ಮಾಡಿ ಅದರ ಪಾಸ್‌ವರ್ಡ್ ಮಾತ್ರ ಗೋಡೆಗೆ ಹಾಕಿ. ಅಲ್ಲಿಂದ ಪ್ರಿಂಟರ್ ನೇರವಾಗಿ ಕಾಣದಿದ್ದರೆ ಫೈಲನ್ನು ಮೇಲ್ ಮಾಡಿಸಿಕೊಳ್ಳಿ.

ಮಹಡಿಯ ರೂಟರ್ ಬಗ್ಗೆ ಹುಷಾರು. ಇಬ್ಬರು ಕಂಡಕ್ಟರ್ ಇರಬಾರದು. ಹಳೇ ರೂಟರನ್ನು ಅಂಗಡಿಯ ರೂಟರಿಗೆ ಜೋಡಿಸುವ ಮುಂಚೆ, ಅದಕ್ಕೆ ಕಂಪ್ಯೂಟರ್ ಹಾಕಿ, ಅದರ ಸ್ವಂತ ನಂಬರನ್ನು 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ. ಆಮೇಲೆ ಅಂಗಡಿಯಿಂದ ಬರುವ ಕೇಬಲ್ಲನ್ನು ಹಳೇ ರೂಟರಿನ ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ತೂತಿಗಲ್ಲ, ಲ್ಯಾನ್ (ಕಂಪ್ಯೂಟರ್ ಜೋಡಿಸುವ) ತೂತಿಗೆ ಹಾಕಿ. ಎರಡೂ 192.168.1.1 ಆಗಿಯೇ ಉಳಿದರೆ ಅಂಗಡಿ, ಮನೆ ಎರಡರಲ್ಲೂ ನೆಟ್ ಕೈಕೊಡುತ್ತದೆ.

ಪ್ರಶ್ನೆ: ಫೋನಿನಲ್ಲಿ ಐಪಿ ಸ್ಟ್ಯಾಟಿಕ್ ಇಟ್ಟರೆ, ಅಂದರೆ ನಂಬರನ್ನು ನಾವೇ ಹಾಕಿದರೆ, ನೆಟ್ ಫಾಸ್ಟ್ ಆಗುತ್ತೆ ಅಂತ ಗೆಳೆಯ ಹೇಳಿದ. ಹಾಸ್ಟೆಲ್ ವೈಫೈನಲ್ಲಿ ಹಾಗೆ ಮಾಡಿದೆ. ಈಗ ಕೆಲವು ಸಲ ಕನೆಕ್ಟ್ ಅಂತ ಇದ್ದರೂ ನೆಟ್ ಬರಲ್ಲ.
— ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಫಾಸ್ಟ್ ಆಗುವುದಿಲ್ಲ. ನಂಬರಿಗೂ ವೇಗಕ್ಕೂ ಸಂಬಂಧವಿಲ್ಲ. ನೀವು ಹಾಕಿದ ನಂಬರನ್ನೇ ರೂಟರ್ ಇನ್ನೊಬ್ಬರಿಗೆ ಕೊಟ್ಟಿರುತ್ತದೆ, ಆಗ ನಿಮಗೂ ಇಲ್ಲ, ಆ ಹುಡುಗನಿಗೂ ಸರಿಯಾಗಿ ಇಲ್ಲ. ಅವನಿಗೆ ಕಾರಣವೂ ಗೊತ್ತಾಗುವುದಿಲ್ಲ, ಪಾಪ. ವೈಫೈ ಸೆಟ್ಟಿಂಗ್‌ನಲ್ಲಿ ಆ ನೆಟ್‌ವರ್ಕನ್ನು ಫರ್ಗೆಟ್ ಮಾಡಿ ಮತ್ತೆ ಜೋಡಿಸಿ, ಐಪಿ ಇರುವಲ್ಲಿ ಡಿಎಚ್‌ಸಿಪಿ ಅಂತಲೇ ಇರಲಿ. ಆಮೇಲೂ ಬರದೆ ನಿಮ್ಮ ನಂಬರ್ 169.254 ಅಂತ ಶುರುವಾಗಿದ್ದರೆ ಅದು ಬೇರೆ ಸಮಸ್ಯೆ, ರೂಟರ್‌ನಿಂದ ನಂಬರೇ ಸಿಕ್ಕಿಲ್ಲ ಅಂತ ಅರ್ಥ. ಆಗ ವಾರ್ಡನ್‌ಗೆ ಹೇಳಿ.