ಇಟಲಿಯಲ್ಲಿ ನೆಲೆಸಿರುವ ಹೊರದೇಶದವರ ಯಾವ ಅಭ್ಯಾಸಗಳು ಅಲ್ಲಿನವರಿಗೆ ವಿಚಿತ್ರ ಅನಿಸುತ್ತವೆ?

ಎಲ್ಲರೂ ಮೊದಲು ಕಾಫಿ ವಿಷಯ ಹೇಳುತ್ತಾರೆ, ನಾನು ಸೂಪರ್‌ಮಾರ್ಕೆಟ್‌ನಿಂದ ಶುರು ಮಾಡ್ತೀನಿ. ಹಣ್ಣು-ತರಕಾರಿ ಇಟ್ಟಿರುವ ಕಡೆ ತೆಳು ಪ್ಲಾಸ್ಟಿಕ್ ಕೈಗವಸು ಇರುತ್ತದೆ. ಅದನ್ನು ಹಾಕಿಕೊಂಡೇ ಆರಿಸಬೇಕು, ಆಮೇಲೆ ಎಷ್ಟೋ ಕಡೆ ನೀವೇ ತಕ್ಕಡಿಯ ಮೇಲಿಟ್ಟು, ನಂಬರ್ ಒತ್ತಿ, ಬರುವ ಚೀಟಿಯನ್ನು ಕವರ್‌ಗೆ ಅಂಟಿಸಬೇಕು. ನಮ್ಮ ಸಂತೆಯ ಹಾಗೆ ಬರಿಗೈಯಲ್ಲಿ ಟೊಮ್ಯಾಟೊ ಹಿಸುಕಿ ನೋಡಿದರೆ ಪಕ್ಕದ ಅಜ್ಜಿ ದುರುಗುಟ್ಟುವುದು ಗ್ಯಾರಂಟಿ.

ಕಾಫಿಗೆ ಬಂದರೆ, ಕ್ಯಾಪುಚಿನೊ ಬೆಳಗಿನ ತಿಂಡಿಯ ಜೊತೆಗಷ್ಟೇ. ಊಟದ ಮೇಲೆ ಅಷ್ಟು ಹಾಲು ಕುಡಿದರೆ ಅರಗಲ್ಲ ಅನ್ನೋದು ಅವರ ನಂಬಿಕೆ. ಕೇಳಿದರೆ ಕೊಡುತ್ತಾರೆ, ಮುಖ ಮಾತ್ರ ನೋಡಬೇಕು! ಎಸ್‌ಪ್ರೆಸೊ ಕೌಂಟರಿನಲ್ಲಿ ನಿಂತೇ ಎರಡು ಗುಟುಕಿಗೆ ಮುಗಿಸುವವರಿಗೆ, ದೊಡ್ಡ ಪೇಪರ್ ಕಪ್ ಹಿಡಿದು ನಡೆಯುವವರು ಸುಮ್ನೆ ಅವಸರದ ಜನ ಅನಿಸುತ್ತಾರೆ.

ಸಂಜೆ 6ಕ್ಕೇ ರಾತ್ರಿ ಊಟ ಹುಡುಕುವುದು, ಮೀನಿನ ಪಾಸ್ತಾ ಮೇಲೆ ಚೀಸ್ ಉದುರಿಸುವುದು, ಇವೂ ಇವೆ. ಒದ್ದೆ ತಲೆಯಲ್ಲಿ ಹೊರಗೆ ಹೋದರಂತೂ ಗಾಳಿ ತಗಲಿ ಕತ್ತು ಹಿಡಿಯುತ್ತೆ ಅಂತ ಬೈಯುತ್ತಾರೆ (ಎಲ್ಲೋ ಕೇಳಿದ ಹಾಗಿದೆ ಅಲ್ವಾ?).

ಇನ್ನು ಬಿಡೆ, ಅಂದರೆ ತೊಳೆದುಕೊಳ್ಳಲು ಕಮೋಡ್ ಪಕ್ಕದಲ್ಲಿರುವ ಪುಟ್ಟ ತೊಟ್ಟಿ. 1975ರ ಸರ್ಕಾರಿ ಆದೇಶದ ಪ್ರಕಾರ ಮನೆಗೆ ಒಂದಾದರೂ ಇರಲೇಬೇಕು. ಅಮೆರಿಕದವರು ಅದರಲ್ಲಿ ಬಟ್ಟೆ ನೆನೆಸುವುದನ್ನು ಕಂಡರೆ ಇಟಲಿಯವರಿಗೆ ನಗು. ಈ ವಿಷಯದಲ್ಲಿ ನಮ್ಮವರಿಗೆ ಪಾಠ ಬೇಕಿಲ್ಲ ಬಿಡಿ.