ಹೊಳೆಯಾಚೆಯ ಊರಿಗೆ ರೋಗ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಸಿಸ್ಟರ್, ನಮ್ಮದು ತುಮರಿ ಕಡೆಯ ಊರು, ಸುತ್ತ ಶರಾವತಿ ಹಿನ್ನೀರು. ಕೊರೋನಾದ ಮೊದಲ ಲಾಕ್‌ಡೌನ್‌ನಲ್ಲಿ ಹೊಳೆಯಾಚೆಯವರು ಬರುವುದು ನಿಂತಿತ್ತು, ನಮ್ಮೂರಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ಈಗ ತಮ್ಮನ ಮಗನಿಗೆ ಹತ್ತು ತಿಂಗಳು. ದಡಾರದ ಚುಚ್ಚುಮದ್ದಿಗೆ ತಮ್ಮನ ಹೆಂಡತಿ ಒಪ್ಪುತ್ತಿಲ್ಲ. ಇಂಥ ಊರಿಗೆ ರೋಗ ಎಲ್ಲಿಂದ ಬರುತ್ತದೆ ಎನ್ನುತ್ತಾಳೆ. ಏನು ಹೇಳಲಿ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಲಸಿಕೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಲಾಂಚ್ ಹತ್ತಿ ನಿಮ್ಮ ಕಡೆಗೆ ಬರುತ್ತಿದ್ದವಳು ನಾನು. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಪೆಸಿಫಿಕ್ ಸಾಗರದಲ್ಲಿ ಸಮೋವಾ ಎಂಬ ದೇಶವಿದೆ. ಜನಸಂಖ್ಯೆ ಸುಮಾರು ಎರಡು ಲಕ್ಷ, ಹೆಚ್ಚುಕಡಿಮೆ ನಮ್ಮ ತಾಲ್ಲೂಕಿನಷ್ಟೇ. 1918ರ ನವೆಂಬರ್ 7ರಂದು ಆಕ್ಲೆಂಡ್‌ನಿಂದ ‘ಟಲೂನ್’ ಎಂಬ ಹಡಗು ಅಲ್ಲಿಗೆ ಬಂತು. ಜ್ವರ ಬಂದವರನ್ನೂ ಯಾರೂ ತಡೆಯದೆ ಇಳಿಯಲು ಬಿಟ್ಟರು. ಕೆಲವೇ ವಾರಗಳಲ್ಲಿ ಐವರಲ್ಲಿ ಒಬ್ಬರು ಇನ್‌ಫ್ಲುಯೆಂಜಾಕ್ಕೆ ಬಲಿಯಾದರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಹಡಗುಗಳನ್ನು ತಡೆದರು, ಅಲ್ಲಿ ಒಂದು ಸಾವೂ ಆಗಲಿಲ್ಲ. ಆದ್ದರಿಂದ ನಿಮ್ಮ ತಮ್ಮನ ಹೆಂಡತಿಯ ಮಾತು ಅರ್ಧ ನಿಜ.

ಉಳಿದರ್ಧ ಕೇಳಿ. 2018ರ ಜುಲೈಯಲ್ಲಿ ಅದೇ ಸಮೋವಾದಲ್ಲಿ ದಡಾರದ ಚುಚ್ಚುಮದ್ದು ಹಾಕಿಸಿಕೊಂಡ ಎರಡು ಹಸುಗೂಸುಗಳು ತೀರಿಕೊಂಡವು. ದಡಾರದ ಲಸಿಕೆ ಶೀಷೆಯಲ್ಲಿ ಪುಡಿಯಾಗಿರುತ್ತದೆ; ಜೊತೆಗೆ ಬರುವ ನೀರನ್ನೇ ಅದಕ್ಕೆ ಬೆರೆಸಬೇಕು. ಅಲ್ಲಿ ನೀರಿನ ಬದಲು ಸ್ನಾಯು ಸಡಿಲಿಸುವ ಔಷಧಿ, ಅದೂ ಅವಧಿ ಮೀರಿದ್ದು, ಬೆರೆತುಹೋಗಿತ್ತು. ಇಬ್ಬರು ನರ್ಸ್‌ಗಳಿಗೆ ಐದು ವರ್ಷ ಜೈಲಾಯಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡೆರಡು ಸಲ ಲೇಬಲ್ ನೋಡಿ, ನೀರು ಬೆರೆಸಿದ ಹೊತ್ತನ್ನು ಶೀಷೆಯ ಮೇಲೆ ಪೆನ್ನಿನಿಂದ ಬರೆದು, ನಾಲ್ಕು ಗಂಟೆ ಕಳೆದರೆ ಮಿಕ್ಕಿದ್ದನ್ನು ಎಸೆಯುತ್ತಿದ್ದವಳು ನಾನು. ಮಳೆಗಾಲದಲ್ಲಿ ಎರಡೇ ಮಕ್ಕಳು ಬಂದ ದಿನ ಎಸೆಯಲು ಹೊಟ್ಟೆ ಉರಿಯುತ್ತಿತ್ತು. ಆದರೂ ಎಸೆದೆ.

ತಪ್ಪು ನೀರಿನದು, ಅಪವಾದ ಲಸಿಕೆಗೆ ಬಂತು. ಸರ್ಕಾರ ತಿಂಗಳುಗಟ್ಟಲೆ ಲಸಿಕೆ ನಿಲ್ಲಿಸಿತು, ಮತ್ತೆ ಶುರುವಾದರೂ ತಾಯಂದಿರು ಬರಲಿಲ್ಲ. 2019ರಲ್ಲಿ ದಡಾರ ಬಂತು. ಈ ಸಲ ಯಾವ ಹಡಗೂ ಬೇಕಾಗಲಿಲ್ಲ, ವಿಮಾನವಿತ್ತು. ಸತ್ತವರು 83 ಮಂದಿ, ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು. ಡಿಸೆಂಬರ್ 5 ಮತ್ತು 6ರಂದು ಇಡೀ ದೇಶವನ್ನೇ ಬಂದ್ ಮಾಡಿದರು. ಲಸಿಕೆ ಆಗದವರಿರುವ ಮನೆಯವರು ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಬೇಕಿತ್ತು. ನರ್ಸ್‌ಗಳು ಆ ಬಟ್ಟೆ ನೋಡಿಕೊಂಡು ಮನೆ ಹೊಕ್ಕರು.

ಕೊರೋನಾ ಬಂದಾಗ ಸಮೋವಾ ಗಡಿ ಮುಚ್ಚಿತು, ಆ ಬಿಡುವಿನಲ್ಲಿ ಲಸಿಕೆಯನ್ನೂ ಹಾಕಿಸಿತು. 2022ರ ಮಾರ್ಚ್‌ನಲ್ಲಿ ಸೋಂಕು ಊರೊಳಗೆ ಹಬ್ಬುವ ಹೊತ್ತಿಗೆ ದೊಡ್ಡವರಲ್ಲಿ ಬಹುಪಾಲು ಮಂದಿಗೆ ಎರಡು ಡೋಸ್ ಆಗಿತ್ತು. ಸತ್ತವರು ಮೂವತ್ತರ ಆಸುಪಾಸು.

ಇನ್ನು ನಿಮ್ಮೂರು. 2025ರ ಜುಲೈಯಲ್ಲಿ ಸೇತುವೆ ಆಯಿತಲ್ಲ, ಸಿಗಂದೂರಿಗೆ ಹೋಗುವ ಕಾರುಗಳನ್ನು ನಿಮ್ಮ ತಮ್ಮನ ಹೆಂಡತಿ ಒಂದು ಭಾನುವಾರ ಎಣಿಸಲಿ. ಚುಚ್ಚಿದ ಮೇಲೆ ಒಂದೆರಡು ದಿನ ಜ್ವರ ಬರಬಹುದು ಎಂದು ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ. ತಾಯಿ ಕಾರ್ಡ್ ಹಿಡಿದು ಲಸಿಕೆಯ ದಿನ ಹೋಗಲಿ. ಹದಿನಾರು ತಿಂಗಳು ತುಂಬಿದ ಮೇಲೆ ಎರಡನೆಯದಕ್ಕೂ ಹೋಗಬೇಕು. ನೀರು ಬೆರೆಸಿದ ಹೊತ್ತನ್ನು ಶೀಷೆಯ ಮೇಲೆ ಬರೆದಿದ್ದಾರೆಯೇ ಎಂದು ಕೇಳಲಿ. ನರ್ಸ್‌ಗೆ ಸಿಟ್ಟು ಬರಲಾರದು. ಬಂದರೂ ಕೇಳಲಿ.